ಗಡ್ಡಪ್ಪನಿಂದ ಯಾರಿಗೇನು ಪ್ರಯೋಜನ?

“ಮೊಮ್ಮಗನ ಒತ್ತಾಯಕ್ಕೆ ‘ತಿಥಿ’ ಸಿನಿಮಾ ನೋಡಿದೆ. ಮಾತೆತ್ತಿದರೆ ಬೈಗುಳ. ಗಡ್ಡಪ್ಪನೆಂಬ ಮುದುಕ ಅಪ್ಪ ಸತ್ತರೂ ಅಳುವುದಿಲ್ಲ. ಹೊಲದಲ್ಲಿ ಅಲೆಯುತ್ತಾನೆ, ಬೀಡಿ ಸೇದುತ್ತಾನೆ, ಕುಡಿಯುತ್ತಾನೆ. ಇಂಥ ಕೆಲಸಕ್ಕೆ ಬಾರದವರನ್ನು ತೋರಿಸಿ ಹುಡುಗರಿಗೆ ಏನು ಕಲಿಸುತ್ತಾರೆ? ಇದಕ್ಕೆ ಪ್ರಶಸ್ತಿ ಬೇರೆ!”
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಸಂಪಾದಕರ ಉತ್ತರ:

ಮಾನ್ಯರೇ, ಹಿಡಿಸದ ಚಿತ್ರವನ್ನೂ ಕೊನೆಯವರೆಗೆ ನೋಡಿ, ಕೂತು ಪತ್ರ ಬರೆದಿದ್ದೀರಿ. ಅಂಥ ಪ್ರೇಕ್ಷಕರು ಈಗ ಅಪರೂಪ. ಬೈಗುಳ ಕೇಳಿ ಮೊಮ್ಮಗನ ಪಕ್ಕ ಮುಜುಗರವಾಗಿದ್ದರೆ ಅದು ಸಹಜವೇ. ಮಿಕ್ಕಿದ್ದಕ್ಕೆ ನನ್ನ ತಕರಾರಿದೆ.

ಗಡ್ಡಪ್ಪ ಕೆಲಸಕ್ಕೆ ಬಾರದವನು, ಸರಿ. ಆ ಮನೆಯಲ್ಲಿ ಕೆಲಸಕ್ಕೆ ಬಂದವರು ಮಾಡಿದ್ದೇನು? ಮಗ ತಮ್ಮಣ್ಣ ಜಮೀನು ಮಾರುವ ಆತುರಕ್ಕೆ ಬದುಕಿರುವ ಅಪ್ಪನ ಮರಣಪತ್ರ ಮಾಡಿಸುತ್ತಾನೆ. ಕೈಗೆ ಕಾಸು ಕೊಟ್ಟು ಊರು ಬಿಡಿಸುತ್ತಾನೆ. ಅಲ್ಲಿ ಯಾರಿಂದಲೂ ಏನನ್ನೂ ಕಿತ್ತುಕೊಳ್ಳದವನು ಗಡ್ಡಪ್ಪನೊಬ್ಬನೇ. ಕುರಿಗಾರರ ಜೊತೆ ಬೆಂಕಿಯ ಮುಂದೆ ಕೂತು ಅವನು ತನ್ನ ಹೆಂಡತಿಯ ಕಥೆ ಹೇಳುತ್ತಾನಲ್ಲ, ಅದನ್ನು ದಯವಿಟ್ಟು ಇನ್ನೊಮ್ಮೆ ಕೇಳಿ. ಅಪ್ಪನ ಸಾವಿಗೆ ಅವನ ಕಣ್ಣು ಯಾಕೆ ಒದ್ದೆಯಾಗಲಿಲ್ಲ ಎಂಬುದು ಅಲ್ಲಿದೆ.

ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ 1980ರಲ್ಲಿ ಬಂತು. ಜೇನು ಹುಡುಕಿಕೊಂಡು ಕಾಡು ಸುತ್ತುವ ಮಂದಣ್ಣ ಊರಿನವರಿಗೆ ಬರೀ ಶುದ್ಧ ದಂಡಪಿಂಡ. ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಂಡರು. ಕರ್ವಾಲೊ ಹುಡುಕುತ್ತಿದ್ದ ಹಾರುವ ಓತಿಯನ್ನು ಕಂಡಿದ್ದವನೂ ಅವನೇ. ತೇಜಸ್ವಿಯವರದೇ ‘ತಬರನ ಕಥೆ’ಯ ತಬರ ಪಿಂಚಣಿಗಾಗಿ ಕಚೇರಿ ಮೆಟ್ಟಿಲು ಹತ್ತಿಳಿದು ಬುದ್ಧಿ ಕೆಡಿಸಿಕೊಂಡವನು. ಗಿರೀಶ್ ಕಾಸರವಳ್ಳಿ ಆ ಕಥೆಯನ್ನು ತೆರೆಗೆ ತಂದರು, ತಬರನಾದ ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಊರಿಗೆ ಹೊಂದದವನನ್ನು ಮುಂದಿಟ್ಟುಕೊಂಡು ಊರಿನ ಬಣ್ಣ ಬಯಲು ಮಾಡುವುದು ನಮ್ಮಲ್ಲಿ ಹೊಸದೇನಲ್ಲ. ನೀವು ಓದಿದವರು, ಇದು ನಿಮಗೆ ಗೊತ್ತಿಲ್ಲದ್ದಲ್ಲ. ಮಕ್ಕಳಿಗೆ ಅಂಕ, ದೊಡ್ಡವರಿಗೆ ಸಂಬಳ, ಈ ಎರಡೇ ಅಳತೆಯಿಂದ ಮನುಷ್ಯರನ್ನು ತೂಗಿ ತೂಗಿ ನಮ್ಮ ಕಣ್ಣು ಕೆಟ್ಟಿದೆ.

ಪ್ರಶಸ್ತಿಯ ಬಗ್ಗೆ ಸಿಡುಕಿದ್ದೀರಿ. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರ ಜೊತೆ ಸೇರಿ ಬರೆದ ಈ ಚಿತ್ರದಲ್ಲಿ ಕಸುಬುದಾರ ನಟರಿಲ್ಲ, ಮಂಡ್ಯ ಸೀಮೆಯ ಹಳ್ಳಿಗರೇ ಇದ್ದಾರೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. ನಮ್ಮಲ್ಲಿ ತೆರೆಕಂಡದ್ದು ಮರುವರ್ಷ. ಪರದೇಶದವರು ಭೇಷ್ ಎನ್ನುವವರೆಗೆ ಮಂಡ್ಯದ ಮುದುಕ ಬೆಂಗಳೂರಿಗೆ ಕಾಣಿಸಲಿಲ್ಲವಲ್ಲ, ನನ್ನ ಸಂಕಟ ಅದು.

ಕಂಡರೂ ತೋರಿಸುವುದೆಲ್ಲಿ? ಗಾಂಧಿನಗರದ ಕಪಾಲಿ ಚಿತ್ರಮಂದಿರ ನೆಲಸಮವಾಯಿತು. ಮಲ್ಟಿಪ್ಲೆಕ್ಸಿನಲ್ಲಿ ಇಂಥ ಚಿತ್ರಕ್ಕೆ ಜನ ಕಚೇರಿಯಲ್ಲಿರುವ ಹೊತ್ತಿನ ಒಂದು ಆಟ ಸಿಕ್ಕರೆ ಪುಣ್ಯ, ಸೋಮವಾರಕ್ಕೆ ಅದೂ ಮಾಯ. ಬನಶಂಕರಿಯ ಸುಚಿತ್ರಾದಂಥ ಫಿಲ್ಮ್ ಸೊಸೈಟಿ ಎಷ್ಟೆಂದು ಹೊರಬೇಕು? ಸರ್ಕಾರ ಸಹಾಯಧನ ಕೊಡುತ್ತದೆ, ಚಿತ್ರ ತಯಾರಾಗುತ್ತದೆ, ಡಬ್ಬದಲ್ಲೇ ಉಳಿಯುತ್ತದೆ. ಬಡಾವಣೆಗೊಂದು ನೂರು ಕುರ್ಚಿಯ ಮಂದಿರ ಕಟ್ಟಿಸಿ, ಸಂಜೆಯ ಆಟವನ್ನು ಇಂಥ ಚಿತ್ರಗಳಿಗೇ ಬಿಟ್ಟುಕೊಡಲಿ. ಈ ಬೇಡಿಕೆಗೆ ನಿಮ್ಮ ಸಹಿಯೂ ಬೇಕು.