ಶಿಕಾಗೋದ ಮೇಸಾನಿಕ್ ಟೆಂಪಲ್ ಕಟ್ಟಡವನ್ನು ಯಾಕೆ ಕೆಡವಿದರು?

ಟೆಂಪಲ್ ಅಂತ ಹೆಸರಿದ್ದರೂ ಇದು ದೇವಸ್ಥಾನವಲ್ಲ. ಫ್ರೀಮೇಸನ್ ಸೋದರ ಸಂಘದವರ ಕಟ್ಟಡ. ಶಿಕಾಗೋದ ಪೇಟೆ ನಡುವೆ, ಸ್ಟೇಟ್ ಮತ್ತು ರ‍್ಯಾಂಡಾಲ್ಫ್ ಬೀದಿಗಳು ಕೂಡುವ ಮೂಲೆಯಲ್ಲಿ 1892ರಲ್ಲಿ ಎದ್ದು ನಿಂತಿತು. ಎತ್ತರ 302 ಅಡಿ. ಆ ಕಾಲಕ್ಕೆ ಅದು ಅದ್ಭುತವೇ ಅಲ್ವಾ? ಕೆಳಗೆ ಅಂಗಡಿಗಳು, ಮೇಲೆ ಆಫೀಸುಗಳು, ತುದಿಯಲ್ಲಿ ಸಂಘದ ಸಭಾಂಗಣಗಳು. ಛಾವಣಿಯಿಂದ ಊರು ನೋಡಲು ಜನ ಬರುತ್ತಿದ್ದರು. ವಿನ್ಯಾಸ ಮಾಡಿದ ಜಾನ್ ರೂಟ್ ಮಾತ್ರ ಅದು ಪೂರ್ತಿಯಾಗುವ ಮೊದಲೇ, 1891ರಲ್ಲಿ ತೀರಿಕೊಂಡರು. ನೆನೆದರೆ ಈಗಲೂ ಬೇಸರವಾಗುತ್ತದೆ.

ಕೆಡವಿದ್ದು 1939ರಲ್ಲಿ. ಒಳಗಿನ ಸೌಲಭ್ಯಗಳು ಹಳತಾಗಿದ್ದವು. ಸ್ಟೇಟ್ ಬೀದಿಯ ಕೆಳಗೆ ಸುರಂಗ ರೈಲು ಬರುತ್ತಿತ್ತು, ಅದಕ್ಕಾಗಿ ಪಾಯ ಬಲಪಡಿಸಲು ಖರ್ಚು ಜಾಸ್ತಿ. ಅಷ್ಟೆತ್ತರದ ಕಟ್ಟಡ ಹೋಗಿ ಅಲ್ಲಿ ಬಂದಿದ್ದು ಬರೀ ಎರಡಂತಸ್ತಿನ ಅಂಗಡಿ ಸಾಲು.