ಮೂವತ್ತು ವ್ಯಾಟ್ ಸಾಲದೆ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತ. ಮೈಸೂರಿನ ಕುವೆಂಪುನಗರದಲ್ಲಿ ಮನೆ. 1992ರಲ್ಲಿ ಅರಿಯರ್ಸ್ ಬಂದಾಗ ಕೊಂಡ ಸ್ಟೀರಿಯೊ ಆಂಪ್ಲಿಫೈಯರ್ ಇನ್ನೂ ಇದೆ, ಚಾನೆಲ್‌ಗೆ 30 ವ್ಯಾಟ್. ಸ್ಪೀಕರ್‌ಗಳು ಈಚೆಗೆ ಮಗ ಕೊಡಿಸಿದ್ದು. ಹಿಂಬದಿಯಲ್ಲಿ 8 ಓಮ್, 87 ಡಿಬಿ ಎಂದು ಬರೆದಿದೆ. ಹಾಲ್ 12x16 ಅಡಿ. ಬೆಳಿಗ್ಗೆ ಸಂಜೆ ಸೇರಿ ಮೂರು ಗಂಟೆ ಕೇಳುತ್ತೇನೆ, ಹೆಚ್ಚಾಗಿ ವೀಣೆ, ಕೊಳಲು, ಹಳೆಯ ಕಚೇರಿಗಳು. ಯುಗಾದಿಗೆ ಮನೆಗೆ ಬಣ್ಣ ಹೊಡೆಸಿದೆವು. ಅಲ್ಲಿಂದೀಚೆಗೆ ಮೃದಂಗದ ತೊಪ್ಪಿ (ಎಡಮುಖದ ತಗ್ಗಿನ ನಾದ) ಸೊರಗಿದೆ, ಹಾಡುವವರ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಅದಕ್ಕೂ ಹಿಂದಿನ ಕಾಟ ಇನ್ನೊಂದಿದೆ: ವಾಲ್ಯೂಮ್ ತಿರುಗಿಸಿದರೆ ಕರಕರ, ಕೆಲವು ದಿನ ಎಡಗಡೆ ಸ್ಪೀಕರ್ ಮೂಕ, ಜೋರು ಮಾಡಿದರೆ ಟಪ್ಪೆಂದು ಬಂದುಬಿಡುತ್ತದೆ. ಅಂಗಡಿಯವರು ‘30 ವ್ಯಾಟ್ ಈ ಸ್ಪೀಕರ್‌ಗೆ ಸಾಲದು ಸಾರ್, 100 ವ್ಯಾಟಿನದು ಹಾಕಿ’ ಎಂದು 68,000 ರೂಪಾಯಿಯದೊಂದು ತೋರಿಸಿದರು. ಟಿವಿಗೂ ಸೇರಿಸುವಂಥದ್ದು ತೊಗೊಳ್ಳಿ ಎಂದು ಮಗನ ಒತ್ತಾಯ. ಮನೆಯವರು ಮಾತ್ರ ‘ಇರೋದು ಸಾಕು’ ಅಂತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಮನೆಯವರ ಮಾತು ಕೇಳಿ ಸ್ವಾಮಿ.

ಅಂಗಡಿಯವರು ನಿಮ್ಮ ಹತ್ತಿರ ಸ್ಪೀಕರ್ ಯಾವುದು ಎಂದು ಕೇಳಿದರು, ಬಣ್ಣ ಹೊಡೆಸಿದಿರಾ ಎಂದು ಕೇಳಲಿಲ್ಲ. ಆಂಪ್ಲಿಫೈಯರ್ ಯುಗಾದಿ ನೋಡಿಕೊಂಡು ಸೊರಗುವುದಿಲ್ಲ. ಬಣ್ಣದವರು ಸ್ಪೀಕರ್ ಸರಿಸಲು ವೈರ್ ಬಿಚ್ಚಿರುತ್ತಾರೆ, ವಾಪಸ್ ಸಿಕ್ಕಿಸುವಾಗ ಒಂದು ಕಡೆ ಕೆಂಪು ಕಪ್ಪು ಅದಲುಬದಲಾಗಿರುತ್ತದೆ. ಆಗ ಒಂದು ಸ್ಪೀಕರಿನ ಕೋನ್ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತದೆ. ತಗ್ಗಿನ ಸದ್ದು ಒಂದನ್ನೊಂದು ತಿಂದುಹಾಕುತ್ತದೆ. ನಡುವೆ ನಿಲ್ಲಬೇಕಾದ ದನಿ ಗೋಡೆಗುಂಟ ಚದುರುತ್ತದೆ. ನೀವು ಬರೆದಿರುವ ಎರಡು ಲಕ್ಷಣವೂ ಅದೇ.

ಪರೀಕ್ಷೆಗೆ ಕಾಸು ಖರ್ಚಿಲ್ಲ. ಸ್ಟೀರಿಯೊ ಬರುವ ಮುಂಚಿನ ಹಳೆಯ ಮೊನೊ ಧ್ವನಿಮುದ್ರಣ ಯಾವುದಾದರೂ ಹಾಕಿ, ಎರಡೂ ಸ್ಪೀಕರ್‌ಗೆ ಸಮದೂರದಲ್ಲಿ ಕೂತು ಕೇಳಿ. ಆಮೇಲೆ ಆಂಪ್ಲಿಫೈಯರ್ ಆರಿಸಿ, ಒಂದೇ ಒಂದು ಸ್ಪೀಕರಿನ ಹಿಂದೆ ಮಾತ್ರ ಎರಡು ವೈರ್ ಅದಲುಬದಲು ಮಾಡಿ, ಮತ್ತೆ ಅದನ್ನೇ ಹಾಕಿ. ಗಾಯಕರು ಎರಡು ಪೆಟ್ಟಿಗೆಗಳ ನಟ್ಟನಡುವೆ ಬಂದು ಕೂತು, ತೊಪ್ಪಿ ಮೈದುಂಬಿಕೊಂಡರೆ ಹಾಗೆಯೇ ಬಿಡಿ. ಇನ್ನೂ ಕೆಟ್ಟರೆ ಮೊದಲಿನಂತೆಯೇ ಸಿಕ್ಕಿಸಿ, ಸ್ಪೀಕರ್‌ಗಳ ಜಾಗ ನೋಡಿ. ಬಣ್ಣಕ್ಕೆ ಮುಂಚೆ ಗೋಡೆಯಿಂದ ಎಷ್ಟು ದೂರದಲ್ಲಿದ್ದವು? ಜಮಖಾನ, ದಪ್ಪ ಪರದೆ ವಾಪಸ್ ಬಂದವೇ, ಅಟ್ಟದ ಮೇಲೇ ಉಳಿದವೇ? 16 ಅಡಿ ಉದ್ದದ ಕೋಣೆ ಸುಮಾರು 35 ಹರ್ಟ್ಜ್‌ಗೆ, 12 ಅಡಿ ಅಗಲ ಸುಮಾರು 47ಕ್ಕೆ ತಾನೇ ಮೊರೆಯುತ್ತದೆ. ಅವುಗಳ ಇಮ್ಮಡಿಗಳಾದ 70, 94ಕ್ಕೂ ಅದೇ ಕಥೆ. ಆದ್ದರಿಂದ ಒಂದು ಕುರ್ಚಿಯಲ್ಲಿ ತೊಪ್ಪಿಯ ಗುಮ್ಕಿ ನಾದ ಉಬ್ಬಿ ಕೇಳಿಸುತ್ತದೆ, ದಿವಾನದ ಮೇಲೆ ಕೂತರೆ ಮಾಯ. ಎರಡಡಿ ಕುರ್ಚಿ ಸರಿಸಿದಾಗ ಆಗುವ ಬದಲಾವಣೆ 68,000ದ ಪೆಟ್ಟಿಗೆಯಿಂದ ಆಗುವುದಿಲ್ಲ.

ಇನ್ನು ವ್ಯಾಟ್. ಅಂಗಡಿಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಮಾರಾಟವಾಗುವ ಸರಕು ಅದು, ಹಾಗಾಗಿ ಲೆಕ್ಕವನ್ನು ಕಾಗದದ ಮೇಲೇ ಮಾಡೋಣ. ನೀವು ಹೇಗೂ ಬ್ಯಾಂಕಿನವರು. 87 ಡಿಬಿ ಎಂದರೆ ಆ ಸ್ಪೀಕರ್‌ಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸಿಗುವ ಸದ್ದು. ವ್ಯಾಟ್ ದುಪ್ಪಟ್ಟಾದಾಗಲೆಲ್ಲ ಅದು 3 ಡೆಸಿಬೆಲ್ ಏರುತ್ತದೆ. ಹಾಗೆ ಏರುತ್ತಾ ಹೋದರೆ 30 ವ್ಯಾಟ್‌ಗೆ ಸುಮಾರು 102, 100 ವ್ಯಾಟ್‌ಗೆ 107. ಅಂದರೆ ನೀವು ಕೊಳ್ಳಲಿರುವುದು 5 ಡೆಸಿಬೆಲ್. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ವ್ಯಾಟ್ ಹತ್ತು ಪಟ್ಟಾಗಬೇಕು: 30ರ ಜಾಗದಲ್ಲಿ 300.

ಈಗ ನಿಮ್ಮ ಹಾಲ್. ಕೂರುವ ಜಾಗದಲ್ಲಿ 70–75 ಡೆಸಿಬೆಲ್‌ನಷ್ಟು ಇಟ್ಟುಕೊಂಡು ವೀಣೆ ಕೇಳುವಾಗ ಆಂಪ್ಲಿಫೈಯರಿನಿಂದ ಹೋಗುತ್ತಿರುವುದು ಒಂದು ವ್ಯಾಟಿಗಿಂತ ಕಡಿಮೆ. ತನಿ ಆವರ್ತನದ ಕೊನೆಯ ಮುಕ್ತಾಯಕ್ಕೆ ಸದ್ದು 20 ಡೆಸಿಬೆಲ್ ಜಿಗಿದರೂ ಹತ್ತು ಹದಿನೈದು ವ್ಯಾಟಿನಲ್ಲಿ ಕೆಲಸ ಮುಗಿಯುತ್ತದೆ. 1978ರಲ್ಲಿ ಬಂದ ನ್ಯಾಡ್ 3020 ಆಂಪ್ಲಿಫೈಯರ್ ಚಾನೆಲ್‌ಗೆ 20 ವ್ಯಾಟಿನದು. ಅದನ್ನು ಇವತ್ತಿಗೂ ಹುಡುಕಿ ಕೊಳ್ಳುವವರಿದ್ದಾರೆ. ನಿಮ್ಮ ಸ್ಪೀಕರ್ 82 ಡಿಬಿಯದಾಗಿದ್ದರೆ, ಅಥವಾ 4 ಓಮಿನದಾಗಿ ಆಂಪ್ಲಿಫೈಯರ್ ಹಿಂದೆ ‘8 ಓಮ್‌ಗಿಂತ ಕಡಿಮೆ ಬೇಡ’ ಎಂದು ಬರೆದಿದ್ದರೆ, ನಾನೂ ದೊಡ್ಡದನ್ನೇ ಹೇಳುತ್ತಿದ್ದೆ. ಜೋರಾದ ಜಾಗದಲ್ಲಿ ಮಾತ್ರ ದನಿ ಒಡೆದು ಒರಟಾಗುತ್ತಿದ್ದರೂ ವ್ಯಾಟಿನ ಮೇಲೆ ಅನುಮಾನ ಪಡಬಹುದು. ನೀವು ಹಾಗೇನೂ ಬರೆದಿಲ್ಲ.

ಕರಕರ ಬೇರೆ ಕಾಯಿಲೆ. ವಾಲ್ಯೂಮ್ ಕಂಟ್ರೋಲ್ ಒಳಗೆ ಇಂಗಾಲದ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜಿಕೊಂಡು ಓಡಾಡುತ್ತದೆ, ಅಲ್ಲಿ ಕೊಳೆ ಕೂತಿದೆ. ಮೆಕ್ಯಾನಿಕ್ ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು, ಇಪ್ಪತ್ತು ಮೂವತ್ತು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿದರೆ ಬಹಳಷ್ಟು ಸಲ ಹೋಗುತ್ತದೆ. ಬಾಗಿಲ ತಿರುಗಣಿಗೆ ಹೊಡೆಯುವ ಸ್ಪ್ರೇ ಖಂಡಿತ ಬೇಡ. ಎಡಗಡೆ ಮೂಕವಾಗಿದ್ದು ಜೋರು ಮಾಡಿದಾಗ ಬರುವುದು ಬಹುಮಟ್ಟಿಗೆ ರಿಲೇ ತೊಂದರೆ. ಸ್ವಿಚ್ ಹಾಕಿದ ಎರಡು ಮೂರು ಸೆಕೆಂಡಿಗೆ ಒಳಗೆ ‘ಕ್ಲಿಕ್’ ಅನ್ನುತ್ತದಲ್ಲ, ಆ ಭಾಗ. ಅದರ ತುಟಿಗಳು ಕಪ್ಪಿಟ್ಟಾಗ ಸಣ್ಣ ಸಿಗ್ನಲ್ ದಾಟುವುದಿಲ್ಲ, ದೊಡ್ಡದು ದಾಟುತ್ತದೆ. ಕೆಲವರು ಮರಳು ಕಾಗದದಲ್ಲಿ ತಿಕ್ಕಿ ಕೊಡುತ್ತಾರೆ. ನಾಲ್ಕು ತಿಂಗಳಿಗೆ ಮತ್ತೆ ಅದೇ ಹಾಡು. ಅದೇ ಕಾಯಿಲ್ ವೋಲ್ಟೇಜಿನ ಹೊಸ ರಿಲೇ ಹಾಕಿಸಿ. ಮುಚ್ಚಳ ನೀವೇ ತೆಗೆಯಬೇಡಿ: ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಮೆಕ್ಯಾನಿಕ್ ಹೇಗೂ ತೆರೆಯುತ್ತಾರಲ್ಲ, ಆಗ ಆ ಕೆಪಾಸಿಟರ್‌ಗಳನ್ನೂ ನೋಡಲಿ. ‘85 ಡಿಗ್ರಿಯಲ್ಲಿ 2000 ಗಂಟೆ’ ಎಂಬುದು ಸಾಧಾರಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು. 10 ಡಿಗ್ರಿ ತಂಪಾದಾಗಲೆಲ್ಲ ಅದು ದುಪ್ಪಟ್ಟಾಗುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ಪೆಟ್ಟಿಗೆಯೊಳಗೆ 45 ಡಿಗ್ರಿ ಇದ್ದರೆ 32,000 ಗಂಟೆ. ನಿಮ್ಮಂತೆ ದಿನಕ್ಕೆ ಮೂರು ಗಂಟೆಯಾದರೆ ಸುಮಾರು 29 ವರ್ಷ. ಗಾಜಿನ ಶೋಕೇಸಿನೊಳಗೆ ಬಾಗಿಲು ಮುಚ್ಚಿಟ್ಟು 65 ಡಿಗ್ರಿಗೆ ಬೇಯಿಸಿದರೆ ಅದೇ ಭಾಗಕ್ಕೆ 8000 ಗಂಟೆ, ಏಳು ವರ್ಷ ಚಿಲ್ಲರೆ. ಇದು ಅಂದಾಜು, ಎಕ್ಸ್‌ಪೈರಿ ದಿನಾಂಕವಲ್ಲ. ಆದರೆ 1992ರ ಆಂಪ್ಲಿಫೈಯರಿಗೆ ಸರದಿ ಬಂದಿದೆ ಎನ್ನಲು ಸಾಕು. 105 ಡಿಗ್ರಿಯವನ್ನು ಹಾಕಿ ಎನ್ನಿ, ವೋಲ್ಟೇಜ್ ಹಳೆಯದರಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಬೇಡ. ಮನೆಗೆ ಬಂದ ಮೇಲೆ ಸ್ಪೀಕರ್ ಸೇರಿಸುವ ಮುಂಚೆ ಅದರ ಜಾಗದಲ್ಲಿ ಮಲ್ಟಿಮೀಟರ್ ಹಿಡಿದು ಡಿಸಿ ಎಷ್ಟಿದೆ ನೋಡಿ. 50 ಮಿಲಿವೋಲ್ಟಿನೊಳಗಿದ್ದರೆ ನಿಶ್ಚಿಂತೆ. ನೂರು ದಾಟಿದರೆ ಮಗ ಕೊಡಿಸಿದ ಸ್ಪೀಕರ್ ಅದಕ್ಕೆ ಸೇರಿಸಬೇಡಿ, ವಾಪಸ್ ಕೊಡಿ.

ಹೊಸದು ಕೊಳ್ಳಲೇಬೇಕಾದ ಸಂದರ್ಭಗಳೂ ಇವೆ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಅದನ್ನು ಸುತ್ತಿಸಿ ಕೂರುವುದರಲ್ಲಿ ಅರ್ಥ ಕಡಿಮೆ. ಒಳಗಿರುವುದು ಎಸ್‌ಟಿಕೆ ಐಸಿಯಾಗಿದ್ದು (ಸ್ಪೀಕರಿಗೆ ಶಕ್ತಿ ಕೊಡುವ ಭಾಗವೆಲ್ಲ ಒಂದೇ ತುಂಡಿನಲ್ಲಿರುವ ಚಿಪ್) ಅದು ಹೋಗಿದ್ದರೆ ಇನ್ನೂ ಕಷ್ಟ. ಅಸಲಿ ಸಿಗುವುದು ಅಪರೂಪ, ಮಾರುಕಟ್ಟೆ ತುಂಬ ನಕಲಿ, ಹಾಕಿದ ವಾರಕ್ಕೆ ಹೊಗೆ. ಅಂಥ ಆಂಪ್ಲಿಫೈಯರಿಗೆ ನಾನು ದುಡ್ಡು ಹಾಕಿಸುವುದಿಲ್ಲ.

ಟಿವಿ ವಿಚಾರಕ್ಕೆ ಹೊಸ ಆಂಪ್ಲಿಫೈಯರ್ ಬೇಕಿಲ್ಲ. ಟಿವಿ ಹಿಂದೆ ಆಪ್ಟಿಕಲ್ ತೂತು ಇದ್ದರೆ ಡಿಜಿಟಲ್ ಸಿಗ್ನಲನ್ನು ಹಳೆಯ ಆಂಪ್ಲಿಫೈಯರಿಗೆ ಒಗ್ಗುವಂತೆ ಬದಲಿಸುವ ಒಂದು ಸಣ್ಣ ಡ್ಯಾಕ್ ಡಬ್ಬಿ ತಂದು ನಿಮ್ಮ ಹಳೆಯದರ ಆಕ್ಸ್‌ಗೆ ಸಿಕ್ಕಿಸಿ. ಟಿವಿ ಸೆಟ್ಟಿಂಗಿನಲ್ಲಿ ಆಡಿಯೊ ಔಟ್‌ಪುಟ್ ಪಿಸಿಎಂ ಎಂದಿಡಿ, ಇಲ್ಲದಿದ್ದರೆ ಸದ್ದೇ ಬರದೆ ಹೋಗಬಹುದು. ಆಮೇಲೆ ಡಬ್ಬಿ ಕೆಟ್ಟಿದೆ ಎಂದು ವಾಪಸ್ ಹೊತ್ತುಕೊಂಡು ಹೋಗುತ್ತೀರಿ.

ಇಷ್ಟೆಲ್ಲ ಆದ ಮೇಲೂ ಆ 100 ವ್ಯಾಟಿನದರ ಮೇಲೆ ಮನಸ್ಸಿದ್ದರೆ, ರಿಪೇರಿಯಾದ ನಿಮ್ಮದನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿ, ಒಂದೇ ಸ್ಪೀಕರಿಗೆ ಎರಡನ್ನೂ ಹಾಕಿಸಿ ಕೇಳಿ. ಸದ್ದು ಎರಡರಲ್ಲೂ ಒಂದೇ ಮಟ್ಟದಲ್ಲಿರಬೇಕು, ಇದು ಮುಖ್ಯ. 1 ಡೆಸಿಬೆಲ್ ಜೋರಿರುವುದು ಕಿವಿಗೆ ಜೋರು ಎಂದು ಕೇಳಿಸುವುದಿಲ್ಲ, ‘ಚೆನ್ನಾಗಿದೆ’ ಎಂದು ಕೇಳಿಸುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಯಾವುದು ಓಡುತ್ತಿದೆ ಎಂದು ನಿಮಗೆ ಕಾಣದಂತೆ ಬೇರೆಯವರು ಬದಲಾಯಿಸಲಿ. ಹೋಗುವ ಮುಂಚೆ ಮೈಕಿಲ್ಲದ ಮನೆ ಕಚೇರಿಯೊಂದನ್ನು ಕೇಳಿ ಬಂದರೆ ಇನ್ನೂ ಒಳ್ಳೆಯದು. ನಿಮ್ಮೂರಿನ ಎಂಟನೇ ಕ್ರಾಸ್ ಗಣೇಶೋತ್ಸವದ ಕಚೇರಿಗಳು ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಕೇಳುವುದೂ ಸ್ಪೀಕರಿನ ತೊಪ್ಪಿಯನ್ನೇ.

ಪ್ರಶ್ನೆ: ದಾವಣಗೆರೆಯಲ್ಲಿ 4500 ರೂಪಾಯಿಗೆ ‘5000 ವ್ಯಾಟ್ ಪಿಎಂಪಿಒ’ ಸೆಟ್ ಸಿಗುತ್ತಿದೆ. ಮೇಲಿನವರಂಥ 30 ವ್ಯಾಟಿನದಕ್ಕಿಂತ ಇದು ಮೇಲಲ್ಲವೇ?

ಉತ್ತರ: ಹಿಂದೆ ತಿರುಗಿಸಿ ಫ್ಯೂಸ್ ನೋಡಿ. 230 ವೋಲ್ಟಿಗೆ 1 ಆಂಪಿಯರ್ ಫ್ಯೂಸ್ ಇದ್ದರೆ ಗೋಡೆಯಿಂದ ಅದು ಸತತವಾಗಿ ಎಳೆಯಬಹುದಾದ್ದು ಸುಮಾರು 230 ವ್ಯಾಟ್. ಮಿಕ್ಕ ನಾಲ್ಕು ಸಾವಿರದ ಏಳುನೂರ ಎಪ್ಪತ್ತು ಡಬ್ಬದ ಮೇಲಿನ ಅಚ್ಚಿನಲ್ಲಿದೆ. ಪಿಎಂಪಿಒ ಎಂದರೆ ಜಾಹೀರಾತಿಗೆ ಉಬ್ಬಿಸಿದ ಕ್ಷಣಮಾತ್ರದ ಅಂಕಿ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ವ್ಯಾಟ್, ಎಷ್ಟು ಎಂದು ಕೇಳಿ, ಹೇಳದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಪ್ರಶ್ನೆ: ನ್ಯೂಜೆರ್ಸಿಯಿಂದ ಕಾಯಂ ಆಗಿ ಬೆಂಗಳೂರಿಗೆ ಬರುತ್ತಿದ್ದೇವೆ. ಅಲ್ಲಿನ ಆಂಪ್ಲಿಫೈಯರ್, ಬೆಲ್ಟ್ ಟರ್ನ್‌ಟೇಬಲ್ ಎರಡನ್ನೂ ತರಬೇಕೆಂದಿದ್ದೇನೆ. ಇಲ್ಲೇ ಹೊಸದು ಕೊಳ್ಳುವುದು ವಾಸಿಯೇ?

ಉತ್ತರ: ಆಂಪ್ಲಿಫೈಯರ್ ಹಿಂದೆ 120/230 ಸ್ವಿಚ್ ಇದ್ದರೆ ತನ್ನಿ, ಪ್ಲಗ್ ಹಾಕುವ ಮುಂಚೆ ಸ್ವಿಚ್ ಬದಲಿಸಲು ಮರೆಯಬೇಡಿ. ಇಲ್ಲದಿದ್ದರೆ ಅದರ ಹಿಂದೆ ಬರೆದಿರುವ ವ್ಯಾಟಿಗಿಂತ ಎರಡರಷ್ಟು ತಾಕತ್ತಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಫಲಕದಲ್ಲಿ 60 ಹರ್ಟ್ಜ್ ಎಂದಷ್ಟೇ ಇದ್ದರೆ ಇಲ್ಲಿನ 50 ಹರ್ಟ್ಜ್‌ನಲ್ಲಿ ಅದರ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ, ಸುತ್ತ ಗಾಳಿ ಆಡಲು ಬಿಡಿ. ಇಲ್ಲಿ ಹೊಸದು ಕೊಳ್ಳುವುದಾದರೆ ಟರ್ನ್‌ಟೇಬಲ್ ಸಿಕ್ಕಿಸುವ ಫೋನೋ ಇನ್‌ಪುಟ್ ಇದೆಯೇ ಎಂದು ಕೇಳಿಯೇ ಕೊಳ್ಳಿ, ಈಗಿನ ಅನೇಕವಕ್ಕೆ ಅದಿಲ್ಲ.

ಟರ್ನ್‌ಟೇಬಲ್ ಮೋಟಾರ್ ಯಾವುದು ಎಂದು ಅಲ್ಲೇ ನೋಡಿಕೊಳ್ಳಿ. ಡಿಸಿ ಅಥವಾ ಕ್ವಾರ್ಟ್ಜ್ ಆದರೆ ವೇಗದ ಚಿಂತೆಯಿಲ್ಲ, ವೋಲ್ಟೇಜ್ ಸರಿ ಮಾಡಿದರೆ ಸಾಕು. ನೇರ ಎಸಿಯಲ್ಲಿ ಓಡುವ ಸಿಂಕ್ರೊನಸ್ ಮೋಟಾರ್ ಆದರೆ ವೋಲ್ಟೇಜ್ ಸರಿ ಮಾಡಿದರೂ ವೇಗ ಸರಿಯಾಗುವುದಿಲ್ಲ: 33⅓ ಸುತ್ತಿನ ತಟ್ಟೆ 27.8ಕ್ಕೆ ಇಳಿಯುತ್ತದೆ, ಶ್ರುತಿ ಸುಮಾರು ಮೂರು ಸ್ವರಸ್ಥಾನ ಕೆಳಗೆ. ಐದು ಮನೆ ಶ್ರುತಿಯ ಗಾಯಕಿ ಮೂರು ಮನೆಯಲ್ಲಿ ಹಾಡುತ್ತಾರೆ. ಅದೇ ಕಂಪನಿಯ 50 ಹರ್ಟ್ಜ್ ಪುಲ್ಲಿ ಸಿಗುವುದಾದರೆ ಅಲ್ಲಿಂದಲೇ ತರಿಸಿಕೊಂಡು ಪೆಟ್ಟಿಗೆಗೆ ಹಾಕಿಕೊಳ್ಳಿ.