ಗೋವಾ, ಜರ್ಮನಿ, ಹಾಲೆಂಡ್: ಯಾವ ಊರಿನ ಟ್ರಾನ್ಸ್ ಎಂದು ಗುರುತಿಸುವುದು ಹೇಗೆ?

ಟ್ರಾನ್ಸ್ ಎಂಬ ಎಲೆಕ್ಟ್ರಾನಿಕ್ ನೃತ್ಯ ಸಂಗೀತವೆಲ್ಲ ಒಂದೇ ರೀತಿ ‘ಡುಂ ಡುಂ’ ಎನ್ನುತ್ತದೆ, ಗೋವಾದ್ದು ಯಾವುದು, ಯುರೋಪಿನದು ಯಾವುದು ಎಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಮೇಲೆ ಹರಿಯುವ ರಾಗವನ್ನು ಸದ್ಯಕ್ಕೆ ಬಿಡಿ, ಬೇಸ್, ಅಂದರೆ ಕೆಳಸ್ಥಾಯಿಯ ಸದ್ದು, ಎಲ್ಲಿ ಬೀಳುತ್ತದೆ ಎಂದು ಗಮನಿಸಿ. ಒಂದೊಂದು ಡ್ರಮ್ ಪೆಟ್ಟಿಗೂ ‘ತ-ಕ-ದಿ-ಮಿ’ ಎಂದು ಹೇಳಿಕೊಳ್ಳಿ. ‘ತ’ ಮೇಲೆ ಡ್ರಮ್ ಬಿದ್ದು, ‘ಕ-ದಿ-ಮಿ’ ಮೂರರಲ್ಲೂ ಬೇಸ್ ಉರುಳುತ್ತಿದ್ದರೆ ಅದು ಹೆಚ್ಚಾಗಿ ಗೋವಾದ ವಂಶಕ್ಕೆ ಸೇರಿದ ಸೈಟ್ರಾನ್ಸ್ (ಸೈಕೆಡೆಲಿಕ್ ಟ್ರಾನ್ಸ್). ‘ದಿ’ ಮೇಲೆ ಮಾತ್ರ ಪುಟಿಯುತ್ತಿದ್ದರೆ ಯುರೋಪಿನ ಕ್ಲಬ್ ಟ್ರಾನ್ಸ್ ಇರಬಹುದು. ಅಪವಾದಗಳು ಬೇಕಾದಷ್ಟಿವೆ, ಆದರೂ ನಾನು ಮೊದಲು ನೋಡುವುದು ಇದನ್ನೇ.

ಈ ವ್ಯತ್ಯಾಸಕ್ಕೆ ಜರ್ಮನ್ನರ ಶಿಸ್ತು, ಭಾರತದ ಅಧ್ಯಾತ್ಮ ಎಂದೆಲ್ಲ ಕಾರಣ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಜನ ಎಲ್ಲಿ ಕುಣಿಯುತ್ತಿದ್ದರು, ಡಿಜೆಯ ಮುಂದೆ ಯಾವ ಯಂತ್ರವಿತ್ತು ಎಂಬುದು ಇದಕ್ಕಿಂತ ಹೆಚ್ಚು ಹೇಳುತ್ತದೆ. ಜರ್ಮನಿಯ ಫ್ರಾಂಕ್‌ಫರ್ಟಿನ ಕ್ಲಬ್‌ಗಳಲ್ಲಿ ವಿನೈಲ್ ತಟ್ಟೆ ನುಡಿಸುವ ಎರಡು ಟರ್ನ್‌ಟೇಬಲ್ ಇರುತ್ತಿದ್ದವು. ವೇಗ ಹೊಂದಿಸಿ ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಬಹುದಿತ್ತು, ಹಾಗಾಗಿ ಹಾಡುಗಳ ಮೊದಲಲ್ಲೂ ಕೊನೆಯಲ್ಲೂ ಬರೀ ಡ್ರಮ್. ಗೋವಾದ ಅಂಜುನಾ ಕಡಲತೀರದ ಬಿಸಿಲು, ಧೂಳಿಗೆ ವಿನೈಲ್ ತಟ್ಟೆ ತಾಳುತ್ತಿರಲಿಲ್ಲ. 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದು ನೆಲೆಸಿದ ಡಿಜೆ ಗೋವಾ ಗಿಲ್ ಅವರಂಥವರು ಡ್ಯಾಟ್ ಎಂಬ ಡಿಜಿಟಲ್ ಟೇಪುಗಳನ್ನು ನೆಚ್ಚಿಕೊಂಡರು. ಆ ಯಂತ್ರಗಳಲ್ಲಿ ಸಾಮಾನ್ಯವಾಗಿ ವೇಗ ಬದಲಿಸುವ ಸೌಲಭ್ಯ ಇರುತ್ತಿರಲಿಲ್ಲ. ಹೀಗಾಗಿ ನಿಧಾನವಾಗಿ ತೆರೆದುಕೊಂಡು, ಡ್ರಮ್ ನಿಂತ ಮೇಲೂ ಸ್ವಲ್ಪ ಹೊತ್ತು ಹೊಗೆಯಾಡುವ, ಏಳೆಂಟು ನಿಮಿಷದ ಸ್ವತಂತ್ರ ಹಾಡುಗಳು ಬಂದವು. ಅಲ್ಲಿ ಮೆಚ್ಚಿನ ‘ಫ್ರಿಜಿಯನ್ ಡಾಮಿನೆಂಟ್’ ಎಂಬ ಪಾಶ್ಚಾತ್ಯ ಸ್ವರಶ್ರೇಣಿಯ ಸ್ವರಗಳು ನಮ್ಮ ವಕುಳಾಭರಣ ರಾಗದವೇ. ಗಮಕ ಮಾತ್ರ ಹುಡುಕಬೇಡಿ!

ತಮಾಷೆಯೆಂದರೆ, ಗೋವಾ ಟ್ರಾನ್ಸಿನ ಬಹುಪಾಲು ಗೋವಾದಲ್ಲಿ ತಯಾರಾದದ್ದಲ್ಲ. 1990ರ ದಶಕದ ನಡುವಿನಲ್ಲಿ ಅದರ ಮುಖ್ಯ ಲೇಬಲ್‌ಗಳಾದ (ಸಂಗೀತ ಪ್ರಕಟಣಾ ಸಂಸ್ಥೆಗಳಾದ) ಡ್ರ್ಯಾಗನ್‌ಫ್ಲೈ, ಟಿಪ್ ಎರಡೂ ಲಂಡನ್ನಿನವು. ಇಸ್ರೇಲಿನಲ್ಲಿ ಕಡ್ಡಾಯ ಸೇನಾಸೇವೆ ಮುಗಿಸಿ ಗೋವಾಕ್ಕೆ ಬರುತ್ತಿದ್ದ ಯುವಕರು ಅದನ್ನು ಊರಿಗೆ ಒಯ್ದರು. ಅಲ್ಲಿನ ಹೈಫಾ ನಗರದ ಇನ್ಫೆಕ್ಟೆಡ್ ಮಶ್ರೂಮ್ ತಂಡ ಹುಟ್ಟಿದ್ದು ಆ ಅಲೆಯಲ್ಲೇ. ಕಂಪ್ಯೂಟರಿನಲ್ಲಿ ಬೇಸನ್ನು ಚೂರಿಯಂತೆ ಕತ್ತರಿಸಲು ಸಾಧ್ಯವಾದಾಗ ಹೆಣೆದುಕೊಂಡಿದ್ದ ರಾಗದ ಎಳೆಗಳು ಹಿಂದೆ ಸರಿದು ‘ಫುಲ್ ಆನ್’ ಶೈಲಿ ಮುಂದೆ ಬಂತು. ಸ್ವೀಡನ್, ಡೆನ್ಮಾರ್ಕಿನವರು ವೇಗ ಇಳಿಸಿ ಸದ್ದನ್ನು ತೆಳುಗೊಳಿಸಿದರು. ಫಿನ್ಲೆಂಡಿನವರದು ಯಾರ ಮಾತೂ ಕೇಳದ ಕಿಡಿಗೇಡಿತನ, ಅದಕ್ಕೆ ‘ಸುಓಮಿಸೌಂಡಿ’ ಎಂಬ ಹೆಸರೇ ಇದೆ.

ಹಾಲೆಂಡಿನ ದಾರಿ ಬೇರೆ. ರೋಲ್ಯಾಂಡ್ ಜೆಪಿ-8000 ಸಿಂಥಸೈಜರಿನ ‘ಸೂಪರ್‌ಸಾ’ ಸದ್ದು ಒಂದೇ ಸ್ವರದ ಹಲವು ಪ್ರತಿಗಳನ್ನು ತುಸು ಶ್ರುತಿ ತಪ್ಪಿಸಿ ಒಟ್ಟಿಗೆ ನುಡಿಸುತ್ತದೆ, ಸಭಾಂಗಣವೇ ತುಂಬಿದಂತಾಗುತ್ತದೆ. ನಡುವೆ ಡ್ರಮ್ ಪೂರ್ತಿ ನಿಂತು, ರಾಗ ಮೇಲೇರಿ, ಮತ್ತೆ ಪೆಟ್ಟು ಬೀಳುವ ರೂಢಿ ದೊಡ್ಡ ಸಭಿಕರಿಗೇ ಹೇಳಿ ಮಾಡಿಸಿದ್ದು. 2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಡಚ್ ಡಿಜೆ ಟಿಯೆಸ್ಟೊ ನುಡಿಸುವ ಹೊತ್ತಿಗೆ ಇದು ಕ್ರೀಡಾಂಗಣದ ಸಂಗೀತವೇ ಆಗಿತ್ತು. ನನಗೆ ಅದು ಬೇಗ ಸಾಕೆನಿಸುತ್ತದೆ, ಆ ಮಾತು ಬೇರೆ.

ಈಗ ಎಲ್ಲರ ಕೈಯಲ್ಲೂ ಅದೇ ಸಾಫ್ಟ್‌ವೇರ್. ಬ್ರೆಜಿಲಿನವರು ಮಾಡಿದ್ದನ್ನೂ ‘ಗೋವಾ’ ಎಂದು ಕರೆಯುವುದುಂಟು. ಇತ್ತ ಗೋವಾದ ಬಯಲಿನಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಆದ್ದರಿಂದ ಹೆಸರನ್ನು ನಂಬದೆ ‘ತಕದಿಮಿ’ ಹೇಳಿಕೊಂಡೇ ಕೇಳಿ. ಹೆಡ್‌ಫೋನ್ ಹಾಕಿಕೊಳ್ಳಿ, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಈ ಬೇಸ್ ಸರಿಯಾಗಿ ಕೇಳಿಸುವುದೇ ಇಲ್ಲ.